ನಮ್ಮ ಗಾಡ್ಯಾಗ ಬ್ಲೂಟೂತ್ ಅದ ಏನ್ರಿ?

ವಾರಕ್ಕೆ ಒಬ್ಬರಾದರೂ ಬಂದು ಈ ಪ್ರಶ್ನೆ ಕೇಳದಿದ್ದರೆ, ನಾನು ಅಂಗಡಿ ತೆಗೆದಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬರುತ್ತದೆ.

ಆಳಂದದಲ್ಲಿ ನನ್ನದೊಂದು ಸಣ್ಣ ಅಂಗಡಿ. ಕಾರಿನ ವೈರಿಂಗು, ಲೈಟು, ಹಾರ್ನು, ಟೇಪು, ಸ್ಪೀಕರು ನೋಡುವುದು ನನ್ನ ಕೆಲಸ. ವಾರದಲ್ಲಿ ಒಂದು ದಿನ ಅಫಜಲಪುರಕ್ಕೆ, ಒಂದು ದಿನ ಜೇವರ್ಗಿಗೆ ಹೋಗಿ ಅಲ್ಲಿನ ಗ್ಯಾರೇಜುಗಳಲ್ಲಿ ಕೂಡುತ್ತೇನೆ. ಮೊದಲೆಲ್ಲ ಜನ ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡಿದೆ ಎಂದು ಬರುತ್ತಿದ್ದರು. ಆಮೇಲೆ ಸೀಡಿ ಹೊರಗೆ ಬರುತ್ತಿಲ್ಲ ಎಂದು ಬಂದರು. ಈಗ ಎಲ್ಲರದೂ ಒಂದೇ ಪ್ರಶ್ನೆ. ಫೋನು ಕಿಸೆಯಲ್ಲೇ ಇರಬೇಕು, ವೈರು ಇರಬಾರದು, ಮಾತು ಮಾತ್ರ ಕಾರಿನ ಸ್ಪೀಕರಿನಲ್ಲಿ ಕೇಳಬೇಕು. ಅದು ತಮ್ಮ ಗಾಡಿಯಲ್ಲಿ ಕಂಪನಿಯಿಂದಲೇ ಬಂದಿದೆಯೋ ಇಲ್ಲವೋ ಹೇಳಬೇಕು.

ಇದನ್ನು ನೋಡುವುದು ಎರಡು ನಿಮಿಷದ ಕೆಲಸ. ಸ್ಟೇರಿಂಗ್ ಮೇಲೆ ಫೋನಿನ ಚಿತ್ರ ಇದ್ದರೆ ಇದೆ. ಟೇಪಿನ ಮೇಲೆ ಅದರ ಗುರುತಿದ್ದರೆ ಇದೆ. ಎರಡೂ ಇಲ್ಲದಿದ್ದರೆ ಫೋನಿನಲ್ಲಿ ಹುಡುಕಿದಾಗ ಗಾಡಿಯ ಹೆಸರು ಬರುತ್ತದೋ ನೋಡಬೇಕು, ಅಷ್ಟೇ. ಆದರೆ ಈ ಎರಡು ನಿಮಿಷದ ಕೆಲಸ ಎರಡು ನಿಮಿಷದಲ್ಲಿ ಮುಗಿದದ್ದು ನನಗೆ ನೆನಪಿಲ್ಲ.

ನೀಲಿ ನೀರು

ಮಟಕಿ ಊರಿನ ರೈತರೊಬ್ಬರು ಅರವತ್ತು ದಾಟಿದ ಮೇಲೆ ಜೀವನದ ಮೊದಲ ಕಾರು ತೆಗೆದುಕೊಂಡರು. ಸೊಲ್ಲಾಪುರದ ಕಡೆಯಿಂದ ತಂದ ಹಳೆಯ ಗಾಡಿ. ಮಾರಿದವನು ಎಸಿ ಅದ, ಪವರ್ ಸ್ಟೇರಿಂಗ್ ಅದ, ಬ್ಲೂಟೂತ್ ಸೈತ ಅದ ಎಂದು ಹೇಳಿ ಕಳಿಸಿದ್ದ. ಹಾಗಂದರೆ ಏನು ಎಂದು ಕೇಳಲು ಇವರಿಗೆ ನಾಚಿಕೆ. ಊರಿಗೆ ಬಂದ ಮೇಲೆ ಯಾರೋ ಬ್ಲೂ ಅಂದರೆ ನೀಲಿ ಎಂದು ಹೇಳಿದರಂತೆ. ಅಷ್ಟು ಸಾಕಾಯಿತು.

ಆರು ತಿಂಗಳ ಮೇಲೆ ನನ್ನ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರು. ಮುಂದಿನ ಗಾಜಿನ ಮೇಲೆ ಧೂಳು ಎಷ್ಟಿತ್ತೆಂದರೆ ಒಳಗೆ ಯಾರು ಕೂತಿದ್ದಾರೆ ಎಂದು ಇಳಿದ ಮೇಲೇ ಗೊತ್ತಾಯಿತು.

"ಬ್ಲೂಟೂತ್ ಚಾಲೂ ಮಾಡಿ ಕೊಡ್ರಿ" ಎಂದರು.

"ಮೊದಲ ಅದನೋ ಇಲ್ಲೋ ನೋಡ್ತೇನ್ರಿ ಕಾಕಾ."

"ಅದ. ನಾನ ನೋಡೇನಿ. ಆದ್ರ ಅರ್ಧಾ ಖಾಲಿ ಆಗ್ಯದ."

ಬ್ಲೂಟೂತು ಅರ್ಧ ಖಾಲಿಯಾಗುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಅವರು ತಾವೇ ಬಾನೆಟ್ ಎತ್ತಿ, ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಬಾಟಲಿ ತೋರಿಸಿದರು. ಅದರಲ್ಲಿ ನೀಲಿ ನೀರು.

"ಮೊಮ್ಮಗ ಆಡ್ತಾ ಆಡ್ತಾ ಯಾವುದೋ ಗುಂಡಿ ಒತ್ತಿ ಗಾಜಿನ ಮ್ಯಾಲೆಲ್ಲ ಹೊಡದುಬಿಟ್ಟ. ಅವತ್ತಿನಿಂದ ಆ ಗುಂಡಿಗೆ ಯಾರೂ ಕೈ ಹಚ್ಚಬ್ಯಾಡ್ರಿ ಅಂತ ಮನ್ಯಾಗ ಹೇಳೇನಿ."

ನಾನು ನಗಲಿಲ್ಲ. ಇಂಥ ಹೊತ್ತಿನಲ್ಲಿ ನಗದೆ ಇರುವುದನ್ನು ಕಲಿತದ್ದಕ್ಕೇ ನನ್ನ ಅಂಗಡಿ ಇಷ್ಟು ವರ್ಷ ನಡೆದಿದೆ. ಒಳಗೆ ಕೂತು ಟೇಪು ಹಚ್ಚಿ ನೋಡಿದೆ. ಅವರ ಅದೃಷ್ಟ, ನಿಜವಾಗಿಯೂ ಬ್ಲೂಟೂತ್ ಇತ್ತು. ಅವರ ಫೋನು ಜೋಡಿಸಿ, ಮನೆಗೆ ಹಚ್ಚಿ ಕೊಟ್ಟೆ. ನಾಲ್ಕೂ ಬಾಗಿಲಿನಿಂದ ಅವರ ಹೆಂಡತಿ "ಎಲ್ಲಿದ್ದೀರಿ, ಬರ್ತಾ ಹಸರ ಮೆಣಸಿನಕಾಯಿ ತರ್ರಿ" ಎಂದರು. ಇವರು ಬಹಳ ಹೊತ್ತು ಸ್ಪೀಕರುಗಳ ಕಡೆ ಒಂದೊಂದಾಗಿ ನೋಡಿದರು.

"ಹಂಗಾರ ಆ ನೀಲಿ ನೀರು?"

"ಅದು ಗಾಜು ತೊಳಿಯೋ ನೀರು ಕಾಕಾ."

ಅವರ ಮುಖ ಸಣ್ಣಗಾಯಿತು. "ನಮ್ಮ ಓಣ್ಯಾಗ ಇನ್ನೊಬ್ಬರ ಗಾಡಿ ಅದ. ಅದರಾಗ ಹಸರ ನೀರದ. ನಿಂದು ಡೂಪ್ಲಿಕೇಟ್ ಬ್ಲೂಟೂತ್ ಅಂತ ಹೇಳಿ ಅವರ ಗಾಡಿ ಮಾರಿಸಾಕತ್ತೇನಿ. ಈಗ ಹೋಗಿ ಏನ್ ಹೇಳ್ಲಿ?"

ಚಿತ್ರ ಒತ್ತಿದಾಗ

ಅಫಜಲಪುರದಲ್ಲಿ ಕಬ್ಬಿನ ಹೊಲಗಳಿಗೆ ನೀರಿನ ಪೈಪು ಮಾರುವ ವ್ಯಾಪಾರಿಯೊಬ್ಬರಿದ್ದಾರೆ. ಅವಸರದ ಮನುಷ್ಯ. ನಾನು ಅವರ ಊರಿಗೆ ಹೋಗುವ ದಿನದ ತನಕ ಕಾಯಲು ಆಗಲಿಲ್ಲ. ಬಜಾರದಲ್ಲಿ ತಮ್ಮ ಅಂಗಡಿ ಮುಂದೆ ಗಾಡಿಯಲ್ಲಿ ಕೂತು ನನಗೆ ಫೋನು ಹಚ್ಚಿದರು.

"ನಮ್ಮ ಗಾಡ್ಯಾಗ ಬ್ಲೂಟೂತ್ ಅದನೋ ಇಲ್ಲೋ, ಅಲ್ಲಿಂದನ ಹೇಳ್ರಿ."

ಇಲ್ಲಿಂದ ನೋಡುವುದು ಹೇಗೆ? ಆದರೂ ಹೇಳಿದೆ, "ಸ್ಟೇರಿಂಗ್ ಮ್ಯಾಲ ಫೋನಿನ ಚಿತ್ರ ಏನರ ಅದ ಏನು ನೋಡ್ರಿ ಸಾಹುಕಾರ್ರ."

"ಒಂದ ಚಿತ್ರ ಅದರಿ. ನಟ್ಟನಡುವ ಅದ. ಒಂದ ಕಡಿ ಸಣ್ಣ, ಒಂದ ಕಡಿ ಅಗಲ. ಹಳೇ ಫೋನ್ ಕಿವಿಗಿ ಹಿಡಕೋತಿದ್ವಲ್ಲ, ಹಂಗ ಕಾಣಸ್ತದ."

"ಹಂಗಾರ ಬ್ಲೂಟೂತ್ ಅದ ಬಿಡ್ರಿ. ಅದನ್ನ ಒತ್ತಿ ನೋಡ್ರಿ."

ಆ ಕಡೆಯಿಂದ ಪೋಂ ಎಂದು ಸದ್ದು ಬಂತು. ಬಜಾರಲ್ಲವೇ, ಯಾವುದೋ ಲಾರಿ ಹೋಗಿರಬೇಕು ಎಂದುಕೊಂಡೆ.

"ಒತ್ತಿದ್ರ್ಯಾ?"

"ಒತ್ತಿದೆರಿ. ಆದ್ರ ಯಾರೂ ಹಲೋ ಅನ್ನವಲ್ರು."

"ಸ್ವಲ್ಪ ಹೊತ್ತು ಒತ್ತಿ ಹಿಡೀಬೇಕ್ರಿ. ಬಿಡಬ್ಯಾಡ್ರಿ."

ಅವರು ಹೇಳಿದ ಮಾತು ಕೇಳುವವರು. ಬಿಡಲಿಲ್ಲ. ಈ ಸಲ ಲಾರಿ ಹೋಗಲೇ ಇಲ್ಲ, ಅಲ್ಲೇ ನಿಂತು ಒದರುತ್ತಿರುವ ಹಾಗೆ ಕೇಳಿಸಿತು. ನಡುವೆ ಯಾರೋ ಬೈಯುವ ದನಿ, ಬಾಗಿಲು ಬಡಿಯುವ ಸದ್ದು. ಅವರು ಒತ್ತಿದ್ದು ಹಾರ್ನು ಎಂದು ನನಗೆ ಆಗ ಹೊಳೆಯಿತು. ಚಿತ್ರ ಫೋನಿನದಲ್ಲ, ತುತ್ತೂರಿಯದು. ನಾನು ಬಿಡಿ ಬಿಡಿ ಎನ್ನುವಷ್ಟರಲ್ಲಿ ಅವರ ದನಿ ಬಂತು. ಸಮಾಧಾನವಾಗಿಯೇ ಇದ್ದರು.

"ಹತ್ತಿತ್ರಿ. ಈಗ ಮಾತಾಡಾಕತ್ತಾರ."

"ಯಾರ್ರಿ?"

"ಮುಂದಿನ ಟ್ರ್ಯಾಕ್ಟರಿನವರು. ಆದ್ರ ಸ್ಪೀಕರಿನಾಗ ಅಲ್ರಿ, ಕಿಡಕ್ಯಾಗ ಬಂದು ಮಾತಾಡಾಕತ್ತಾರ."

ಮಾಸ್ತರರ ಓದು

ಆಳಂದದಲ್ಲಿ ನಿವೃತ್ತ ಹೆಡ್ ಮಾಸ್ತರರೊಬ್ಬರಿದ್ದಾರೆ. ನನಗೂ ಏಳನೆಯ ಇಯತ್ತೆಯಲ್ಲಿ ಕಲಿಸಿದವರು. ಗಣಿತದಲ್ಲಿ ನಾನು ಉತ್ತರ ಸರಿ ಬರೆದು ದಾರಿ ತಪ್ಪು ಬರೆದರೆ ಸೊನ್ನೆ ಕೊಡುತ್ತಿದ್ದರು. ಅವರು ಕಾರು ತೆಗೆದುಕೊಂಡಾಗ ನಾನೇ ಓಡಿ ಹೋಗಿ, "ಸರ, ಬ್ಲೂಟೂತ್ ಅದನೋ ಇಲ್ಲೋ ನೋಡ್ಲೇನ್ರಿ, ಎರಡ ನಿಮಿಷ" ಎಂದೆ.

"ಹೇಳಬ್ಯಾಡ" ಎಂದು ಕೈ ಅಡ್ಡ ಮಾಡಿದರು. "ಗಾಡಿ ಸಂಗಾಟ ಪುಸ್ತಕ ಕೊಟ್ಟಾರ. ಅದರಾಗ ಬರದಿರ್ತಾರ. ಓದಿ ತಿಳ್ಕೋತೇನಿ."

"ಕೊನಿಗಿ ಪಾಠಗಳ ಪಟ್ಟಿ ಇರ್ತದ್ರಿ ಸರ, ಅದರಾಗ ನೋಡಿ ಸೀದಾ ಆ ಪುಟಕ್ಕ..."

"ನೀ ಸಾಲ್ಯಾಗ ಹಂಗ ಮಾಡೇ ಹಿಂಗ ಆಗಿದಿ."

ಅವರು ಮೊದಲ ಪುಟದಿಂದ ಹಿಡಿದರು. ಬೆಳಿಗ್ಗೆ ಪೂಜೆ ಮುಗಿಸಿ, ಚಹಾ ಕುಡಿದು, ಪೆನ್ಸಿಲ್ ಹಿಡಿದು ಕೂಡುವುದು. ದಿನಕ್ಕೆ ನಾಲ್ಕು ಪುಟ. ಪ್ರತಿ ಗುರುವಾರ ನನ್ನ ಅಂಗಡಿ ಮುಂದೆ ಹಾದುಹೋಗುವಾಗ ನಿಂತು ವರದಿ ಕೊಡುವರು. ಒಂದು ವಾರ "ಸೀಟ್ ಬೆಲ್ಟ್ ಮುಗೀತು" ಎಂದರು. ಮುಂದಿನ ವಾರ "ಟೈರಿನ ಗಾಳಿಗಿ ಬಂದೇನಿ" ಎಂದರು. ಒಂದು ವಾರ ಬಹಳ ಗಂಭೀರವಾಗಿ, "ಹಿಮದ ಮ್ಯಾಲ ಗಾಡಿ ಹ್ಯಾಂಗ ಹೊಡೀಬೇಕು ಅಂತ ಬರದಾರಪಾ. ಆಳಂದಕ್ಕ ಉಪಯೋಗ ಇಲ್ಲ. ಆದ್ರೂ ಓದಿದೆ" ಎಂದರು. ಅಷ್ಟರಲ್ಲಿ ನಮ್ಮ ಓಣಿಯವರಿಗೆಲ್ಲ ಒಂದು ಕುತೂಹಲ ಹುಟ್ಟಿತ್ತು. ಚಹಾದ ಅಂಗಡಿಯವನು ಸೈತ "ಮಾಸ್ತರು ಎಷ್ಟಕ್ಕ ಬಂದ್ರು" ಎಂದು ಕೇಳುತ್ತಿದ್ದ. ನನಗೆ ಒಮ್ಮೆ ಅವರ ಗಾಡಿ ಬಾಗಿಲು ತೆಗೆದು ಕದ್ದು ನೋಡಿಬಿಡಲೇ ಎನಿಸಿತ್ತು. ಆದರೆ ಈ ವಯಸ್ಸಿನಲ್ಲೂ ಅವರ ಕೈಗೆ ಸಿಕ್ಕಿಬೀಳುವ ಧೈರ್ಯ ಬರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಗುರುವಾರ ಬಂದರು. ಪುಸ್ತಕ ಬಗಲಲ್ಲಿತ್ತು. ಕುರ್ಚಿ ಎಳೆದುಕೊಂಡು ಕೂತರು.

"ಸಿಕ್ತೇನ್ರಿ ಸರ?"

"ಸಿಕ್ತು." ಗುರುತು ಹಾಕಿದ ಪುಟ ತೆಗೆದು, ಪೆನ್ಸಿಲಿನಿಂದ ಗೆರೆ ಎಳೆದ ಸಾಲು ನನ್ನ ಮುಂದೆ ಹಿಡಿದರು. ಇಂಗ್ಲಿಷಿನಲ್ಲಿತ್ತು. ಅವರೇ ಕನ್ನಡ ಮಾಡಿ ಓದಿದರು. "ಬ್ಲೂಟೂತ್. ಬ್ರ್ಯಾಕೆಟ್ಟಿನಾಗ, ನಿಮ್ಮ ವಾಹನದಲ್ಲಿ ಇದ್ದರೆ."

ಪುಸ್ತಕ ಮುಚ್ಚಿದರು.

"ಅಲ್ಲಪಾ, ಅದನ್ನ ನಾ ಅವರಿಗಿ ಕೇಳಿದ್ದೆ. ಅವರು ತಿರಗಿ ನನಗ ಕೇಳಾಕತ್ತಾರ."

ಹಚ್ಚಿದ ಗುರುತು

ಗೊಬ್ಬೂರಿನಿಂದ ಬಂದ ಒಬ್ಬರದು ಬೇರೆ ಕಥೆ. ಅವರಿಗೆ ಅನುಮಾನವೇ ಇರಲಿಲ್ಲ. ಗಾಡಿಯಲ್ಲಿ ಬ್ಲೂಟೂತ್ ಇದೆ, ಆದರೆ ಫೋನಿಗೆ ಸಿಗುತ್ತಿಲ್ಲ, ಅಷ್ಟೇ ಅವರ ತಕರಾರು. ಅಫಜಲಪುರದ ಗ್ಯಾರೇಜಿಗೆ ನಾನು ಹೋದ ದಿನ ಬೆಳಿಗ್ಗೆಯೇ ಬಂದು ಕಾಯುತ್ತಿದ್ದರು.

"ಅದ ಅಂತ ಹ್ಯಾಂಗ ಗೊತ್ತಾತ್ರಿ?" ಎಂದೆ.

"ಗುರುತು ಅದ ಅಲ್ರಿ, ಇಲ್ಲಿ." ಟೇಪಿನ ಮೂಲೆ ತೋರಿಸಿದರು. ಬರೋಬ್ಬರಿ ಅದೇ ಗುರುತು. ನೀಲಿ ಬಣ್ಣದ ಮೇಲೆ ಬಿಳಿ ಗೆರೆ. ನಾನೂ ನಂಬಿದೆ.

ಅವರ ಫೋನಿನಲ್ಲಿ ಹುಡುಕಿದೆ. ಗಾಡಿಯ ಹೆಸರು ಬರಲಿಲ್ಲ. ನನ್ನ ಫೋನಿನಲ್ಲಿ ಹುಡುಕಿದೆ. ಗ್ಯಾರೇಜಿನಲ್ಲಿದ್ದವರ ಇಯರ್‌ಫೋನು, ಎದುರಿನ ಅಂಗಡಿಯ ಸ್ಪೀಕರು, ಯಾರದೋ ಕೈಗಡಿಯಾರ, ಎಲ್ಲ ಬಂದವು. ಈ ಗಾಡಿ ಮಾತ್ರ ಬರಲಿಲ್ಲ. ಟೇಪು ಬಿಚ್ಚಿ ವೈರು ನೋಡಿದೆ. ತಿರುಗಿ ಕೂಡಿಸಿದೆ. ಅರ್ಧ ತಾಸಿನ ಮೇಲೆ ಆ ಗುರುತಿನ ಕಡೆ ಸುಮ್ಮನೆ ನೋಡುತ್ತ ಕೂತಾಗ, ಅದರ ಒಂದು ಅಂಚು ಸ್ವಲ್ಪ ಎದ್ದಂತೆ ಕಾಣಿಸಿತು. ಉಗುರಿನಿಂದ ಕೆರೆದೆ. ಪೂರಾ ಕಿತ್ತು ಬೆರಳಿಗೆ ಅಂಟಿಕೊಂಡು ಬಂತು. ಅದೊಂದು ಸ್ಟಿಕರ್. ಮಾರಿದವನು ಯಾವ ಅಂಗಡಿಯಿಂದ ತಂದು ಹಚ್ಚಿದ್ದನೋ.

ನಾನು ಬೆರಳು ಮೇಲೆತ್ತಿ ಅವರಿಗೆ ತೋರಿಸಿದೆ. ಅವರು ಬೆರಳು ನೋಡಿದರು, ಟೇಪಿನ ಖಾಲಿ ಮೂಲೆ ನೋಡಿದರು, ನನ್ನ ಮುಖ ನೋಡಿದರು.

"ಇದೇನ್ ಮಾಡಿದ್ರಿ" ಎಂದರು ಬಹಳ ಬೇಸರದಿಂದ. "ಊರಿಂದ ಬರೋತನಾ ಬ್ಲೂಟೂತ್ ಬರೇ ಹತ್ತತಿದ್ದಿಲ್ಲ. ನೀವು ಪೂರಾ ಕಿತ್ತೇ ಬಿಟ್ರಿ."

ಅವರು ಸಮಾಧಾನ ಆಗುವ ತನಕ ಬಿಡಲಿಲ್ಲ. ಸ್ಟಿಕರನ್ನು ತಿರುಗಿ ಅಲ್ಲೇ ಅಂಟಿಸಿ ಕಳಿಸಿದೆ.

ರಸ್ತೆ ಸುರಕ್ಷತೆ

ಜೇವರ್ಗಿಯಲ್ಲಿ ಒಬ್ಬ ತೊಗರಿ ವ್ಯಾಪಾರಿ. ಹೆಂಡತಿ ಸಾಲಿ ಟೀಚರು. ಒಂದು ಮುಂಜಾನೆ ವ್ಯಾಪಾರಿ ನನಗೆ ಫೋನು ಮಾಡಿ ದನಿ ಇಳಿಸಿ ಹೇಳಿದರು.

"ಇವತ್ತ ನಮ್ಮ ಮನಿಯವರು ನಿಮ್ಮ ಹಂತ್ಯಾಕ ಬರ್ತಾರ. ನಾನೂ ಇರ್ತೇನಿ. ಗಾಡ್ಯಾಗ ಬ್ಲೂಟೂತ್ ಅದ ಏನ್ರಿ ಅಂತ ಕೇಳ್ತಾರ. ಇಲ್ಲ ಅಂತ ಹೇಳ್ರಿ."

"ಅದ ಏನು?"

"ಅದರಿ. ಅದ ಅನ್ನೋದ ತ್ರಾಸ." ಆಮೇಲೆ ಒಂದಿಷ್ಟು ಬಿಡಿಸಿ ಹೇಳಿದರು. ಟೀಚರು ದಿನಕ್ಕೆ ಹತ್ತು ಸಲ ಫೋನು ಮಾಡುತ್ತಾರೆ. ಇವರು ಗಾಡಿ ಹೊಡೆಯುತ್ತಿದ್ದೆ, ಎತ್ತಲು ಬರಲಿಲ್ಲ ಎಂದು ವರ್ಷದಿಂದ ಪಾರಾಗಿದ್ದಾರೆ. ಸಾಲಿಯಲ್ಲಿ ಯಾರೋ ಟೀಚರಿಗೆ ಈಗಿನ ಗಾಡಿಗಳಲ್ಲಿ ಕೈ ಹಚ್ಚದೇ ಮಾತಾಡಲು ಬರುತ್ತದೆ ಎಂದು ಹೇಳಿಬಿಟ್ಟಿದ್ದಾರೆ.

ಹನ್ನೊಂದರ ಹೊತ್ತಿಗೆ ಇಬ್ಬರೂ ಬಂದರು. ವ್ಯಾಪಾರಿ ಗಾಡಿಗೆ ಆತು ನಿಂತು ನನ್ನ ಕಡೆ ಕಣ್ಣು ಮಿಟುಕಿಸಿದರು. ಟೀಚರು ನೇರ ಕೇಳಿದರು. "ಅಣ್ಣಾರ, ಈ ಗಾಡ್ಯಾಗ ಬ್ಲೂಟೂತ್ ಅದ ಏನ್ರಿ?"

ಮಕ್ಕಳಿಗೆ ಪಾಠ ಹೇಳುವವರ ಮುಂದೆ ಸುಳ್ಳು ಹೇಳುವುದು ನನಗೆ ಮೊದಲಿನಿಂದ ಬರುವುದಿಲ್ಲ. "ನೋಡಬೇಕಾಗ್ತದ್ರಿ ಅಕ್ಕಾರ" ಎಂದು ಟೇಪಿನ ಹತ್ತಿರ ಬಾಗಿ, ಸ್ಕ್ರೂ ಡ್ರೈವರು ಹಿಡಿದು, ಬಿಚ್ಚುವ ಹಾಗೆ ಬಿಚ್ಚದ ಹಾಗೆ ಮಾಡತೊಡಗಿದೆ. "ಕೆಲವು ಗಾಡ್ಯಾಗ ಇರ್ತದ್ರಿ, ಕೆಲವು ಗಾಡ್ಯಾಗ ಇರೂದಿಲ್ಲರಿ."

"ಅದು ನನಗೂ ಗೊತ್ತದ" ಎಂದರು ಟೀಚರು. ಡ್ರೈವರ್ ಸೀಟಿನಲ್ಲಿ ಕೂತು ಕೀಲಿ ತಿರುವಿದರು. ಆಮೇಲೆ ತಮ್ಮ ಫೋನು ತೆಗೆದು, ಹೊರಗೆ ನಿಂತಿದ್ದ ಗಂಡನಿಗೆ ಹಚ್ಚಿದರು. ಗಂಡನ ಫೋನು ಗಂಡನ ಕಿಸೆಯಲ್ಲಿತ್ತು. ಅದು ಮುಂಚೆ ಯಾವಾಗಲೋ ಗಾಡಿಗೆ ಜೋಡಿಸಿದ್ದು. ಕೀಲಿ ತಿರುವಿದ ಕೂಡಲೇ ತಾನಾಗಿಯೇ ಕೂಡಿಕೊಂಡಿತ್ತು. ಹಾಗಾಗಿ ಕಿಸೆಯಲ್ಲಿ ರಿಂಗಾಗುವುದರ ಬದಲು ಗಾಡಿ ತುಂಬ ರಿಂಗಾಯಿತು.

ಅಷ್ಟೇ ಆಗಿದ್ದರೆ ಏನಾದರೂ ಹೇಳಿ ಮುಚ್ಚಬಹುದಿತ್ತು. ಆದರೆ ಟೇಪಿನ ಪರದೆಯ ಮೇಲೆ ಕರೆ ಮಾಡುತ್ತಿರುವವರ ಹೆಸರೂ ಬರುತ್ತದೆ. ಗಂಡ ತಮ್ಮ ಫೋನಿನಲ್ಲಿ ಹೆಂಡತಿಯ ನಂಬರನ್ನು ಯಾವ ಹೆಸರಿನಲ್ಲಿ ಇಟ್ಟುಕೊಂಡಿರುತ್ತಾರೋ ಆ ಹೆಸರು. ಮೂವರೂ ಬಾಗಿ ನೋಡಿದೆವು. ದೊಡ್ಡ ಅಕ್ಷರದಲ್ಲಿ ಬಂದಿತ್ತು.

"ಗಾಡಿ ಹೊಡೆಯುವಾಗ ಎತ್ತಬಾರದು."

ಟೀಚರು ಅದನ್ನು ಪೂರಾ ಓದಿದರು. ಮಕ್ಕಳ ಪೇಪರು ತಿದ್ದುವವರ ಹಾಗೆ ಇನ್ನೊಮ್ಮೆ ಓದಿದರು. "ಇದು ಯಾರ್ರಿ?" ಎಂದು ಗಂಡನನ್ನು ಕೇಳಿದರು.

ವ್ಯಾಪಾರಿ ಗಂಟಲು ಸರಿ ಮಾಡಿಕೊಂಡರು. "ಅದು ಹೆಸರಲ್ಲ. ಗಾಡಿ ಕಂಪನಿಯವರ ಸೂಚನಾ. ರಸ್ತೆ ಸುರಕ್ಷತೆ."

"ಹೌದೇನು" ಎಂದು ಟೀಚರು ಫೋನು ಕಟ್ ಮಾಡಿದರು. ಸೂಚನೆ ಮಾಯವಾಯಿತು. ತಿರುಗಿ ಹಚ್ಚಿದರು. ಸೂಚನೆ ತಿರುಗಿ ಬಂತು. ಹೀಗೆ ನಾಲ್ಕು ಸಲ ಮಾಡಿ, ನನ್ನ ಕಡೆ ತಿರುಗಿದರು.

"ಅಣ್ಣಾರ, ಬ್ಲೂಟೂತ್ ಚಲೋ ಅದ. ಬಿಚ್ಚಬ್ಯಾಡ್ರಿ. ರಿಪೇರಿ ಬೇರೆ ಕಡಿ ಮಾಡೋದದ."

ಕೊಳಕೂರಿನ ಅಂಗಳ

ಮೇಲಿನವೆಲ್ಲ ಬೇರೆಯವರ ಪಜೀತಿ. ಇದು ನಾನೇ ಮಾಡಿದ್ದು.

ಜೇವರ್ಗಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಸಾಲಿ ಗೆಳೆಯನೊಬ್ಬನಿದ್ದಾನೆ. ಅವನ ಮಗನಿಗೆ ಕೊಳಕೂರಿನಲ್ಲಿ ಹೆಣ್ಣು ನೋಡಲು ಹೊರಟಾಗ, ಹಿರೇತನಕ್ಕೆ ಇರಲಿ ಎಂದು ನನ್ನನ್ನೂ ಕರೆದ. ಅದಕ್ಕೆ ಮುಂಚೆ ಎರಡು ಕಡೆ ನೋಡಿ ಆಗಿತ್ತು. ಎರಡೂ ಕಡೆ ಹುಡುಗನ ತಾಯಿ ಏನೂ ಹೇಳದೆ ಎದ್ದು ಬಂದಿದ್ದಳು. ಹುಡುಗ ಈ ಸಲ ತಂದೆಗೆ ಖಡಾಖಂಡಿತ ಹೇಳಿಬಿಟ್ಟಿದ್ದ, ಇದೂ ಆಗದಿದ್ದರೆ ಇನ್ನು ಯಾರ ಮನೆಗೂ ಅವಲಕ್ಕಿ ತಿನ್ನಲು ಬರುವುದಿಲ್ಲ ಎಂದು. ಹಾಗಾಗಿ ಗೆಳೆಯನಿಗೆ ಫಿಕರು ಹತ್ತಿತ್ತು.

ಗಂಡ ಹೆಂಡತಿ ಒಂದು ಒಪ್ಪಂದ ಮಾಡಿಕೊಂಡಿದ್ದರು. ಬೀಗರ ಮುಂದೆ ಇಬ್ಬರೂ ಪಿಸುಪಿಸು ಎನ್ನುವುದು ಚಂದ ಕಾಣುವುದಿಲ್ಲ. ಅದಕ್ಕೆ ಎಲ್ಲ ನೋಡಿದ ಮೇಲೆ ಆಕೆ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಅವನಿಗೆ ಫೋನು ಹಚ್ಚಬೇಕು. ಅವನು ಗಾಡಿ ತೋರಿಸುವ ನೆಪದಲ್ಲಿ ನನ್ನನ್ನು ಕರೆದುಕೊಂಡು ಅಂಗಳಕ್ಕೆ ಬಂದು ಕೂಡಬೇಕು. ಆಕೆ ಹೂಂ ಎಂದರೆ ಇವನು ಒಳಗೆ ಹೋಗಿ ಹೂಂ ಎನ್ನಬೇಕು.

ಕೊಳಕೂರಿನ ಮನೆಯವರು ಒಳ್ಳೆಯ ಜನ. ಹುಡುಗಿಯೂ ಲಕ್ಷಣವಾಗಿದ್ದಳು. ಹುಡುಗ ಆಕೆಯನ್ನು ನೋಡಿ ತಲೆ ಬಗ್ಗಿಸಿದವನು ಮತ್ತೆ ಎತ್ತಲಿಲ್ಲ, ಅಂದರೆ ಮನಸ್ಸಿಗೆ ಬಂದಿದ್ದಾಳೆ ಎಂದು ಅರ್ಥ. ಎಲ್ಲ ಸರಳ ನಡೆದಿತ್ತು. ಅಷ್ಟರಲ್ಲಿ ಹುಡುಗಿಯ ಆಯಿ, ಅಂದರೆ ತಂದೆಯ ತಾಯಿ, ಎಂಬತ್ತರ ಮುದುಕಿ, ಪಡಸಾಲೆಯ ನಟ್ಟನಡುವೆ ಕೂತು ಹುಡುಗನಿಗೆ ಕೇಳಿಬಿಟ್ಟಳು.

"ನಿದ್ದ್ಯಾಗ ಗೊರಕಿ ಹೊಡೀತಿ ಏನೋ ತಮ್ಮಾ?"

ಹುಡುಗನ ಕಿವಿ ಕೆಂಪಾಯಿತು. ತಾಯಿಯ ಮುಖ ಬಿಗಿದುಕೊಂಡಿತು. ಆಯಿಯ ಮಗ ಗಡಬಡಿಸಿ ಎದ್ದು, "ಅವ್ವಾ, ಭಾಳ ಶಕಿ ಆಗ್ಯದ, ನಡಿ" ಎಂದು ಆಕೆಯನ್ನು ಹೊರಗೆ ಕರೆದುಕೊಂಡು ಹೋದ. ಗೆಳೆಯ ನನ್ನ ತೊಡೆ ಚಿವುಟಿದ. "ಇದೂ ಹೋತು ನೋಡು" ಎಂದು ಕಿವಿಯಲ್ಲಿ ಹೇಳಿದ.

ಇಬ್ಬರೂ ಅಂಗಳಕ್ಕೆ ಬಂದೆವು. ಬೇವಿನ ಗಿಡದ ಕೆಳಗೆ ಅವನ ಗಾಡಿ ನಿಂತಿತ್ತು. ಬಾಜೂಕ್ಕೆ ಹುಡುಗಿಯ ಮನೆಯವರ ಗಾಡಿ. ಎರಡೂ ಬಿಳಿಯವು, ಒಂದೇ ಕಂಪನಿಯ ಒಂದೇ ನಮೂನೆಯವು. ಅವರದು ಚಾಲೂ ಇತ್ತು, ಕಿಡಕಿಗಳಿಗೆ ಬಿಸಿಲಿನ ಪರದೆ ಹಾಕಿದ್ದರು. ಯಾರೋ ಎಸಿ ಹಚ್ಚಿ ಮಲಗಿರಬೇಕು ಎಂದುಕೊಂಡೆ.

ಗೆಳೆಯನ ಗಾಡಿ ಮೂರು ದಿನದ ಹಿಂದೆ ತಂದ ಹಳೆಯ ಗಾಡಿ. "ಆಕಿ ಫೋನ್ ಬರೋತನಕ ಸುಮ್ನ ಕೂಡೋದಕ್ಕಿಂತ, ಇದರಾಗ ಬ್ಲೂಟೂತ್ ಅದನೋ ಇಲ್ಲೋ ನೋಡಲೇ" ಎಂದ.

ನಾನು ಅವನ ಫೋನು ತೆಗೆದುಕೊಂಡು ಹುಡುಕಿದೆ. ಒಂದೇ ಸಲಕ್ಕೆ ಆ ಕಂಪನಿಯ ಹೆಸರು ಬಂತು. ಒತ್ತಿದೆ. ನಂಬರು ಕೇಳಿತು. ನಾಲ್ಕು ಸೊನ್ನೆ ಹಾಕಿದೆ. ಕೂಡಿಕೊಂಡಿತು.

"ಅದ ನೋಡು. ಹತ್ತಿತು."

"ಇಲ್ಲಿ ಪರದೆ ಮ್ಯಾಲ ಏನೂ ಬರವಲ್ದಲ್ಲೋ."

"ಪರದೆದ ಲೈಟ್ ಹೋಗಿರಬೇಕು. ಜೇವರ್ಗಿಗಿ ಹೋದ ಮ್ಯಾಲ ಹಾಕಿ ಕೊಡ್ತೇನಿ." ಇದು ಮೂವತ್ತು ವರ್ಷ ಇದೇ ಕೆಲಸ ಮಾಡಿದ ನನ್ನ ತೀರ್ಮಾನ.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಗೆಳೆಯ ಎತ್ತಿ, ಟೇಪಿನ ಕಡೆ ಬಾಗಿ "ಹೇಳು" ಎಂದ. ಏನೂ ಕೇಳಿಸಲಿಲ್ಲ. "ಹಲೋ" ಎಂದ. ಫೋನಿನಲ್ಲಿ ಸೆಕೆಂಡು ಓಡುತ್ತಿದ್ದವು, ದನಿ ಮಾತ್ರ ಇಲ್ಲ.

"ಫೋನ್ ಹಚ್ಚಿ ಸುಮ್ನ ನಿಂತಾಳೇನೋ" ಎಂದೆ.

"ಆಕಿ ಸುಮ್ನ ನಿಂತದ್ದು ನಾ ಇಪ್ಪತ್ತೆಂಟ ವರ್ಷದಾಗ ನೋಡಿಲ್ಲಲೇ" ಎಂದ.

ಆಕೆ ಸುಮ್ಮನಿರಲಿಲ್ಲ. ನಾನು ಫೋನು ಜೋಡಿಸಿದ್ದು ಬಾಜೂ ಗಾಡಿಗೆ. ಆ ಗಾಡಿಯಲ್ಲಿ ತಂಪಿಗೆಂದು ಕೂಡಿಸಿದ್ದು ಆಯಿಯನ್ನು. ಒಳಗೆ ಏನಾಯಿತು ಎಂದು ಆಯಿಯೇ ಆಮೇಲೆ ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಬಿಡಿಸಿ ಹೇಳಿದಳು. ಅದು ಹೀಗೆ.

ನಾಲ್ಕೂ ಬಾಗಿಲಿನಿಂದ ಒಂದು ಹೆಣ್ಣು ದನಿ ಬಂತು. "ಕೇಳಸ್ತದ ಏನ್ರಿ? ಹುಡುಗಿ ಬಂಗಾರದಂಥಾಕಿ. ಮಂದಿನೂ ಚಲೋ ಅದಾರ. ಆದ್ರ ಆ ಮುದುಕಿದೇನ್ ಬಾಯಿರಿ. ಅಷ್ಟು ಮಂದ್ಯಾಗ ನನ್ನ ಮಗಗ ಗೊರಕಿ ಹೊಡೀತಿ ಏನು ಅಂತಾಳ. ನಾಳಿ ಈ ಹುಡುಗಿನೂ ಆ ಮುದುಕಿ ಹಂಗ ಆದ್ರ ಏನ್ ಮಾಡೂದ್ರಿ?"

ಆಯಿ ಹಿಂದೆ ಮುಂದೆ ನೋಡಿದಳು. ಯಾರೂ ಇಲ್ಲ. ಮಾತು ಮಾತ್ರ ತನ್ನ ಮೇಲೇ ಬಂದಿದೆ. ಉತ್ತರ ಕೊಡದೆ ಬಿಡುವ ರೂಢಿ ಆಕೆಗಿಲ್ಲ.

"ಅಷ್ಟ ಜಲ್ದಿ ಆಗೂದಿಲ್ಲ ತಗೋ" ಎಂದಳು. "ನನ್ನ ಹಂಗ ಆಗ್ಲಿಕ್ಕಿ ಭಾಳ ವರ್ಷ ಬೇಕು."

ಹಿತ್ತಲಿನಲ್ಲಿ ಹುಡುಗನ ತಾಯಿಗೆ ಗಂಡನ ಫೋನಿನಿಂದ ಹೆಂಗಸಿನ ದನಿ ಕೇಳಿ ಅನುಮಾನ ಬಂತು. "ನಿಮ್ಮ ಬಾಜೂಕ ಯಾರ್ರಿ ಅಕಿ?"

"ಬಾಜೂಕ ಯಾರೂ ಇಲ್ಲ. ನಾನ ಆ ಮುದುಕಿ."

ಫೋನು ಕೈ ಜಾರಿ ನೀರಿನ ಹೌದಿಗೆ ಬೀಳುವುದರಲ್ಲಿತ್ತಂತೆ. ಆಯಿ ಮಾತ್ರ ನಿಧಾನಕ್ಕೆ ಹೇಳಿದಳು. "ಹೆದರಬ್ಯಾಡ ತಂಗಿ. ನಾ ಸಿಟ್ಟಿಗಿ ಬಂದಿಲ್ಲ. ಖರೇ ಹೇಳು, ಹೊಡೀತಾನೋ ಇಲ್ಲೋ?"

ಆ ಕಡೆಯಿಂದ ಸಣ್ಣ ದನಿಯಲ್ಲಿ ಬಂತು, "ಹೊಡೀತಾನ್ರಿ."

"ನಮ್ಮ ಹುಡುಗಿನೂ ಹೊಡೀತಾಳ. ಅದಕ್ಕ ಕೇಳಿದ್ದು. ಗೊರಕಿ ಹೊಡೀಲಾರದವನಿಗಿ ಕೊಟ್ಟ್ರ ಅವನ ನಿದ್ದಿ ಕೆಡ್ತದ."

ಹಿತ್ತಲಿನಲ್ಲಿ ನಗು ತಡೆಯಲಾಗದೆ ಹುಡುಗನ ತಾಯಿ ಹೌದಿನ ಕಟ್ಟೆಯ ಮೇಲೆ ಕೂತುಬಿಟ್ಟಳು. ನಕ್ಕು ಸಾಕಾದ ಮೇಲೆ ಕಣ್ಣು ಒರೆಸಿಕೊಂಡು, "ಆತ್ರಿ ಆಯಿ, ನಂದು ಹೂಂ ಅದ" ಎಂದಳು.

ಇದೇನೂ ಗೊತ್ತಿಲ್ಲದ ನಾವಿಬ್ಬರು ಈ ಗಾಡಿಯಲ್ಲಿ ಟೇಪಿನ ಗುಂಡಿಗಳನ್ನೆಲ್ಲ ತಿರುವುತ್ತ, ಒಬ್ಬರಾದ ಮೇಲೊಬ್ಬರು ಹಲೋ ಹಲೋ ಎನ್ನುತ್ತ ಕೂತಿದ್ದೆವು. ಬಾಜೂ ಗಾಡಿಯ ಬಾಗಿಲು ತೆರೆಯಿತು. ಆಯಿ ಕೋಲು ಊರಿಕೊಂಡು ಇಳಿದು ಬಂದು ನಮ್ಮ ಗಾಜು ಬಡಿದಳು. ಗೆಳೆಯ ಗಡಬಡಿಸಿ ಗಾಜು ಇಳಿಸಿದ.

"ನಿಮ್ಮ ಮನಿಯವರು ಹೂಂ ಅಂದಾರ. ನಡೀರಿ, ಹೋಳಿಗಿ ಆರಾಕತ್ತಾವ" ಎಂದಳು.

ಗೆಳೆಯ ಕೈಯಲ್ಲಿದ್ದ ಫೋನು ನೋಡಿದ, ಮನೆಯ ಕಡೆ ನೋಡಿದ, ಆಮೇಲೆ ಆಯಿಯನ್ನು ನೋಡಿದ. "ನಿಮಗ ಯಾರ್ ಹೇಳಿದ್ರಿ ಆಯಿ?"

"ನಮ್ಮ ಗಾಡಿ ಹೇಳ್ತು" ಎಂದಳು ಆಯಿ. ಆಮೇಲೆ ನಮ್ಮ ಗಾಡಿಯೊಳಗೆ ಇಣುಕಿ ನೋಡಿ, ಪಾಪ ಎನ್ನುವ ಹಾಗೆ ಅದರ ಬಾಗಿಲು ಸವರಿದಳು. "ನಿಮ್ಮದಕ್ಕ ಇನ್ನಾ ಮಾತು ಬಂದಿಲ್ಲ ಕಾಣಸ್ತದ."